ಚಿಮಣಿ ಇಲ್ಲದ ಗ್ಯಾಸ್ ಬೆಂಕಿಯೋ, ಪೈಪ್ ಇರುವುದೋ, ಕರೆಂಟಿನದೋ? ನಮ್ಮ ಹಾಲ್‌ನಲ್ಲಿ ಉಳಿದದ್ದು ಯಾವುದು

ಮನೆ ಬೆಚ್ಚಗಾದರೆ ಸಾಕು ಅನ್ನುವುದೊಂದೇ ಲೆಕ್ಕವಾದರೆ ವೆಂಟ್-ಫ್ರೀ, ಅಂದರೆ ಚಿಮಣಿಯಾಗಲಿ ಪೈಪಾಗಲಿ ಬೇಡದ, ಗ್ಯಾಸ್ ಫೈರ್‌ಪ್ಲೇಸನ್ನು ಮೀರಿಸುವಂಥದ್ದು ಇಲ್ಲ. ಉರಿದ ಗ್ಯಾಸಿನ ಶಾಖ ಹೆಚ್ಚುಕಡಿಮೆ ಪೂರ್ತಿ ಮನೆಯೊಳಗೇ ಉಳಿಯುತ್ತದೆ. ತೊಂದರೆ ಏನೆಂದರೆ, ಶಾಖದ ಜೊತೆ ಉಳಿದದ್ದೆಲ್ಲವೂ ಒಳಗೇ ಇರುತ್ತದೆ.

ನಾವಿರುವುದು ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾದ ಹೊರವಲಯದಲ್ಲಿ. ಮಂಜು ಸುರಿಯುವ ಊರಲ್ಲ, ಆದರೆ ಜನವರಿಯ ರಾತ್ರಿಗಳು ಸುಮ್ನೆ ಬಿಡುವುದಿಲ್ಲ. ಇಲ್ಲಿ ವೆಂಟ್-ಫ್ರೀ ಹಾಕಿಸಲು ಅನುಮತಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ವಾಸದ ಮನೆಗೆ ಹಾಕುವಂತಿಲ್ಲ, ಕೆನಡಾದಲ್ಲೂ ಇಲ್ಲ. ಒಂದೇ ಪೆಟ್ಟಿಗೆ ಒಂದು ಕಡೆ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, ಇನ್ನೊಂದು ಕಡೆ ನಿಷೇಧ. ಕೊಳ್ಳುವ ಮೊದಲು ಊರಿನ ಬಿಲ್ಡಿಂಗ್ ಆಫೀಸಿಗೆ ಒಂದು ಫೋನ್ ಮಾಡಿದರೆ ಉತ್ತರ ಸಿಗುತ್ತದೆ. ಅಪಾರ್ಟ್‌ಮೆಂಟ್, ಟೌನ್‌ಹೌಸ್ ಇದ್ದರೆ ಅಸೋಸಿಯೇಷನ್ನಿನವರನ್ನೂ ಕೇಳಿ.

ಮನೆ ಕೊಂಡಾಗ ಅದರ ಜೊತೆ ಬಂದಿದ್ದು ಹಳೇ ವೆಂಟೆಡ್ ಗ್ಯಾಸ್ ಲಾಗ್. ಕಟ್ಟಿಗೆ ಉರಿಸುವ ಗೂಡಿನೊಳಗೆ ಸೆರಾಮಿಕ್ ದಿಮ್ಮಿಗಳು, ಕೆಳಗೆ ಬರ್ನರ್, ಮೇಲೆ ತೆರೆದ ಚಿಮಣಿ. ನೋಡಲು ಇದರಷ್ಟು ಚಂದ ಬೇರೆ ಇಲ್ಲ. ಹಳದಿ ಜ್ವಾಲೆ ಕುಣಿಯುತ್ತದೆ, ನಿಜವಾದ ಕಟ್ಟಿಗೆ ಬೆಂಕಿಯೇ ಅನ್ನಿಸುತ್ತದೆ. ಆದರೆ ಗಂಟೆಗೆ 60,000 ಬಿಟಿಯು (ಶಾಖ ಅಳೆಯುವ ಮಾನ) ಗ್ಯಾಸ್ ಕುಡಿದು, ಅದರಲ್ಲಿ ಹೆಚ್ಚಿನದನ್ನು ಆಕಾಶಕ್ಕೆ ಬಿಡುತ್ತದೆ. ಹೋಗುವಾಗ ಮನೆಯ ಬೆಚ್ಚನೆಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಮುಂದೆ ಕೂತವರ ಮೊಣಕಾಲು ಸುಡುತ್ತದೆ, ಹಿಂದಿನ ಬೆಡ್‌ರೂಮು ಮೊದಲಿಗಿಂತ ತಣ್ಣಗಾಗುತ್ತದೆ. ಇದರ ಬಗ್ಗೆ ಸುರಕ್ಷತೆಯ ಮಾತು ಒಂದೇ: ಚಿಮಣಿಯ ಬಾಯಿ ಮುಚ್ಚುವ ತಗಡು, ಅಂದರೆ ಡ್ಯಾಂಪರ್, ಪೂರ್ತಿ ತೆರೆದಿರಬೇಕು, ಯಾರೂ ಮುಚ್ಚದಂತೆ ಅದಕ್ಕೆ ಕ್ಲ್ಯಾಂಪ್ ಹಾಕಿರಬೇಕು. ಈ ಲಾಗುಗಳನ್ನು ಡ್ಯಾಂಪರ್ ಮುಚ್ಚಿ ಉರಿಸುವುದೆಂದರೆ ವಿಷವನ್ನು ಮನೆಯೊಳಗೆ ಬಿಟ್ಟುಕೊಂಡಂತೆಯೇ. ನೋಡಲು ವೆಂಟೆಡ್ ಲಾಗ್, ವೆಂಟ್-ಫ್ರೀ ಲಾಗ್ ಒಂದೇ ಥರ ಇರುತ್ತವೆ. ಅದಕ್ಕೇ ಹಳೇ ಮನೆ ಕೊಂಡವರು ಬರ್ನರ್ ಮೇಲಿನ ಲೋಹದ ಪಟ್ಟಿಯನ್ನು ಓದದೆ ಬೆಂಕಿ ಹಚ್ಚಲೇಬಾರದು.

ಅದನ್ನು ತೆಗೆಸಿ ವೆಂಟ್-ಫ್ರೀ ಹಾಕಿಸಿದೆವು. ಸೆಟ್ಟು, ಕೂಲಿ ಎಲ್ಲ ಸೇರಿ ಸುಮಾರು 1,100 ಡಾಲರ್. ಗಂಟೆಗೆ 30,000 ಬಿಟಿಯು. ಮೊದಲ ಸಂಜೆಯೇ ವ್ಯತ್ಯಾಸ ಗೊತ್ತಾಯಿತು. ಅರ್ಧ ಗ್ಯಾಸಿನಲ್ಲಿ ಹಾಲ್ ಅಷ್ಟೇ ಅಲ್ಲ, ಅಡುಗೆಮನೆಯೂ ಬಿಸಿ. ನಮ್ಮ ಬಿಲ್ಲಿನ ದರದಲ್ಲಿ ಗಂಟೆಗೆ ಅರ್ಧ ಡಾಲರೂ ಆಗುವುದಿಲ್ಲ.

ತೀರ್ಥಹಳ್ಳಿ ಕಡೆಯಿಂದ ಆ ಚಳಿಗಾಲಕ್ಕೆ ನಮ್ಮ ಮಾವ ಬಂದಿದ್ದರು. ಬಚ್ಚಲೊಲೆಗೆ ಕಟ್ಟಿಗೆ ಹಾಕಿ ಬೆಳೆದವರು. ಅವರು ಗೂಡಿನೊಳಗೆ ಕೈ ಹಾಕಿ, ವೆಂಟ್-ಫ್ರೀ ಬಂದ ಮೇಲೆ ಮುಚ್ಚಿದ್ದ ಡ್ಯಾಂಪರನ್ನು ಮುಟ್ಟಿ ನೋಡಿದರು. "ಬೆಂಕಿ ಇಲ್ಲದೆ ಹೊಗೆ ಇಲ್ಲ ಅಂತಾರೆ. ಇಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿಗೆ ಹೋಯ್ತಮ್ಮಾ?"

"ಇದು ಶುದ್ಧವಾಗಿ ಉರಿಯುತ್ತೆ ಮಾವ, ಹೊಗೆ ಬರೋದಿಲ್ಲ."

"ಹಾಗಾದ್ರೆ ಕಿಟಕಿ ಗಾಜು ಯಾಕೆ ಬೆವರ್ತಾ ಇದೆ?"

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನ್ಯಾಚುರಲ್ ಗ್ಯಾಸ್ ಅಂದರೆ ಬಹುಪಾಲು ಮೀಥೇನ್. ಅದು ಸರಿಯಾಗಿ ಉರಿದರೆ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. 30,000 ಬಿಟಿಯು ಬರ್ನರ್ ಒಂದು ಗಂಟೆ ಉರಿದರೆ ಒಂದೂಕಾಲು ಲೀಟರ್ ನೀರು ಆವಿಯಾಗಿ ಮನೆಯೊಳಗೆ ಸೇರುತ್ತದೆ. ಚಳಿಗಾಲದ ಒಣ ಗಾಳಿಗೆ ಸ್ವಲ್ಪ ತೇವ ಒಳ್ಳೆಯದೇ, ತುಟಿ ಒಡೆಯುವುದು ಕಡಿಮೆಯಾಗುತ್ತದೆ. ಆದರೆ ಮೂರು ನಾಲ್ಕು ಗಂಟೆ ಆದ ಮೇಲೆ ಕಿಟಕಿ ಚೌಕಟ್ಟಿನ ಕೆಳಗೆ ನೀರು ನಿಲ್ಲುತ್ತದೆ, ಬಟ್ಟೆ ಕಪಾಟಿನ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಇದರ ಜೊತೆ ಸ್ವಲ್ಪ ನೈಟ್ರೋಜನ್ ಡೈಆಕ್ಸೈಡ್ ಕೂಡ ಹುಟ್ಟುತ್ತದೆ. ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಅಲ್ಲಿಗೇ ಈ ಆಯ್ಕೆ ಮುಗಿಯಿತು ಅಂತ ನನ್ನ ಅಭಿಪ್ರಾಯ.

ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಬರುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಊರಿನಲ್ಲಿ ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಪ್ರಾಣ ಹೋದ ಸುದ್ದಿಯನ್ನು ಪೇಪರಿನಲ್ಲಿ ಓದದವರು ಕಡಿಮೆ. ಇಲ್ಲೂ ಅಪಾಯ ಅದೇ, ಕೋಣೆ ದೊಡ್ಡದು ಅಷ್ಟೇ. ಅದಕ್ಕಾಗಿಯೇ ಈ ವೆಂಟ್-ಫ್ರೀಗಳಲ್ಲಿ ಓಡಿಎಸ್ (ಆಮ್ಲಜನಕ ಕಡಿಮೆಯಾದದ್ದನ್ನು ಪತ್ತೆ ಹಚ್ಚುವ ವ್ಯವಸ್ಥೆ) ಎಂಬ ವಿಶೇಷ ಪೈಲಟ್, ಅಂದರೆ ದೊಡ್ಡ ಬೆಂಕಿಯನ್ನು ಹೊತ್ತಿಸುವ ಪುಟ್ಟ ಜ್ವಾಲೆ, ಇರುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ ಸುಮಾರು 21% ಆಮ್ಲಜನಕ. ಅದು 18% ಹತ್ತಿರ ಇಳಿದರೆ ಪೈಲಟ್ ಜ್ವಾಲೆ ಥರ್ಮೋಕಪಲ್ (ಶಾಖ ಗುರುತಿಸುವ ಕಡ್ಡಿ) ಬಿಟ್ಟು ಮೇಲಕ್ಕೆ ಏಳುತ್ತದೆ, ಥರ್ಮೋಕಪಲ್ ತಣ್ಣಗಾಗಿ ಗ್ಯಾಸ್ ಬಂದ್ ಆಗುತ್ತದೆ. ಸರಳ, ಜಾಣ ವಿನ್ಯಾಸ. ಆದರೆ ಅದು ಅಳೆಯುವುದು ಆಮ್ಲಜನಕವನ್ನು ಮಾತ್ರ. ಕಾರ್ಬನ್ ಮೊನಾಕ್ಸೈಡ್ ಬಂದಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಮಾರುವವರು ಓಡಿಎಸ್ ಇದೆ, ಏನೂ ಭಯ ಬೇಡ ಅಂದರೆ ತಲೆ ಆಡಿಸಿ, ಮನೆಗೆ ಹೋಗುವ ದಾರಿಯಲ್ಲಿ ಸಿಓ (ಕಾರ್ಬನ್ ಮೊನಾಕ್ಸೈಡ್) ಅಲಾರಂ ಕೊಳ್ಳಿ. ಅದರಲ್ಲೂ ಅಂಕಿ ತೋರಿಸುವಂಥದ್ದು ವಾಸಿ. ಸಾಮಾನ್ಯ ಅಲಾರಂ 70 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 70 ಪಾಲು) ಇದ್ದರೂ ಕೂಗಲು ಒಂದರಿಂದ ನಾಲ್ಕು ಗಂಟೆ ತೆಗೆದುಕೊಳ್ಳಬಹುದು, ಅದಕ್ಕೆ ನಿಯಮವೇ ಹಾಗಿದೆ. 20, 30 ಇದ್ದರೆ ಅದು ಮೌನ. ಅಂಕಿ ಕಂಡರೆ ನೀವೇ ಎದ್ದು ಕಿಟಕಿ ತೆಗೆಯುತ್ತೀರಿ.

ಹಾಕಿಸುವಾಗಿನ ಕೆಲಸ ನೋಡಿ. ಗ್ಯಾಸ್ ಲೈನ್ ಮುಟ್ಟುವ ಕೆಲಸಕ್ಕೆ ಲೈಸೆನ್ಸ್ ಇರುವ ಪ್ಲಂಬರ್, ಕೌಂಟಿಯ ಪರ್ಮಿಟ್, ಕೊನೆಗೆ ಇನ್‌ಸ್ಪೆಕ್ಟರ್. ಈ ಮೂರನ್ನು ಬಿಟ್ಟು ದುಡ್ಡು ಉಳಿಸುವ ಸಲಹೆ ಗೆಳೆಯರ ಗುಂಪಿನಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಿಸಿಕೊಂಡು ಸುಮ್ಮನಿರಿ. ಅದೇ ಕೋಣೆಯಲ್ಲಿ, ಕೈಗೆಟುಕುವ ಕಡೆ ಗ್ಯಾಸ್ ಬಂದ್ ಮಾಡುವ ವಾಲ್ವ್ ಇರಬೇಕು. ಪೈಪಿನ ಕಸ ಕೆಳಗಿಳಿದು ನಿಲ್ಲಲು ಒಂದು ಗಿಡ್ಡ ಬಾಲದಂಥ ತುಂಡು ಇರಬೇಕು, ಡ್ರಿಪ್ ಲೆಗ್ ಅಂತಾರೆ. ನಮ್ಮ ಪ್ಲಂಬರ್ ಪ್ರತಿ ಜಾಯಿಂಟಿಗೂ ಸೋಪಿನ ನೀರು ಸವರಿ, ಟಾರ್ಚ್ ಹಿಡಿದು ನೋಡುತ್ತಾ ಕೂತಿದ್ದರು. ವಾಲ್ವ್ ಹಿಂದಿನ ಒಂದು ಜಾಯಿಂಟಿನಲ್ಲಿ ಸಾಸಿವೆಯಷ್ಟು ಗುಳ್ಳೆ ಮೆಲ್ಲಗೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ವಾಸನೆ ಚೂರೂ ಇರಲಿಲ್ಲ. ಅರ್ಧ ಸುತ್ತು ಬಿಗಿ ಮಾಡಿ, ಒರೆಸಿ, ಮತ್ತೆ ಸವರಿದರು. ಆ ಹತ್ತು ನಿಮಿಷಕ್ಕೇ ನಾವು ಕೂಲಿ ಕೊಟ್ಟದ್ದು ಅಂತ ಅಂದುಕೊಂಡಿದ್ದೇನೆ. ಇನ್ನೊಂದು ಮಾತು. ನ್ಯಾಚುರಲ್ ಗ್ಯಾಸಿನ ಸೆಟ್ಟಿಗೆ ಪ್ರೊಪೇನ್ ಕೊಡುವಂತಿಲ್ಲ, ಪ್ರೊಪೇನಿನದಕ್ಕೆ ಇದನ್ನೂ ಕೊಡುವಂತಿಲ್ಲ. ಒತ್ತಡ ಬೇರೆ, ಬರ್ನರಿನ ತೂತು ಬೇರೆ.

ಕೋಣೆಯ ಅಳತೆಯ ಲೆಕ್ಕವನ್ನು ಅಂಗಡಿಯವರು ಬೇಗ ಮುಗಿಸಿಬಿಡುತ್ತಾರೆ. ಪ್ರತಿ 1,000 ಬಿಟಿಯುಗೆ 50 ಘನ ಅಡಿ ಜಾಗ ಬೇಕು ಅನ್ನುವುದು ಸೂತ್ರ. 30,000ಕ್ಕೆ 1,500 ಘನ ಅಡಿ. 12ಕ್ಕೆ 14 ಅಡಿಯ ಕೋಣೆ, 9 ಅಡಿ ಎತ್ತರ ಇದ್ದರೆ ಕೂದಲೆಳೆ ಅಂತರದಲ್ಲಿ ಪಾಸ್. ಆದರೆ ಈ ಸೂತ್ರ ನಿಂತಿರುವುದು ಮನೆಯ ಸಂದಿಗಳಿಂದ ಹೊರಗಾಳಿ ಬರುತ್ತದೆ ಅನ್ನುವ ನಂಬಿಕೆಯ ಮೇಲೆ. ಈಗ ಕಟ್ಟುವ ಹೊಸ ಮನೆಗಳಲ್ಲಿ ಸಂದಿಯೇ ಇರುವುದಿಲ್ಲ. ಅಂಥ ಮನೆಯಲ್ಲಿ ಲೆಕ್ಕ ಪಾಸಾದರೂ ಗಾಳಿ ಫೇಲು. ನಮ್ಮ ಹಾಲ್ ದೊಡ್ಡದು, ಅಡುಗೆಮನೆಗೆ ತೆರೆದುಕೊಂಡಿದೆ. ಹಾಗಿದ್ದರೂ ಜೋರು ಉರಿಯಲ್ಲಿ ಒಂದು ಗಂಟೆ ದಾಟುವಷ್ಟರಲ್ಲಿ ಮೇಜಿನ ಮೇಲಿನ ಮೀಟರ್ ಇಂಗಾಲದ ಡೈಆಕ್ಸೈಡನ್ನು 2,000 ಪಿಪಿಎಂಗಿಂತ ಮೇಲೆ ತೋರಿಸುತ್ತಿತ್ತು. ತಲೆ ಭಾರ, ಆಕಳಿಕೆ. ಕಿಟಕಿಯನ್ನು ಒಂದಿಂಚು ತೆಗೆದರೆ ಇಳಿಯುತ್ತಿತ್ತು. ಕಿಟಕಿ ತೆಗೆದು ಬೆಂಕಿ ಕಾಯಿಸುವುದು ವಿಚಿತ್ರ ಅನ್ನಿಸಿದರೂ, ಇದರ ಸರಿಯಾದ ಬಳಕೆ ಅದೇ. ಮ್ಯಾನ್ಯುಯಲ್ಲಿನಲ್ಲೂ ಅದನ್ನೇ ಬರೆದಿರುತ್ತಾರೆ. ಬೆಡ್‌ರೂಮಿಗೆ 10,000, ಬಾತ್‌ರೂಮಿಗೆ 6,000 ಬಿಟಿಯು ಮೀರುವಂತಿಲ್ಲ ಎಂಬ ಮಿತಿಯೂ ಇದೆ. ಆದರೆ ಮಲಗುವ ಕೋಣೆಗೆ ಇದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ನಿದ್ದೆಯಲ್ಲಿ ಕಿಟಕಿ ತೆಗೆಯುವವರು ಯಾರು?

ಬಳಕೆಯಲ್ಲಿ ನಮ್ಮಂಥ ಮನೆಗಳಿಗೆ ಇನ್ನೊಂದು ಪೇಚು. ವೆಂಟ್-ಫ್ರೀ ಉರಿಯುವುದು ಮನೆಯ ಗಾಳಿಯನ್ನೇ ಕುಡಿದು. ಗಾಳಿಯಲ್ಲಿ ಏನಿದೆಯೋ ಅದೆಲ್ಲ ಜ್ವಾಲೆಯ ಮೂಲಕ ಹಾದು ಬರುತ್ತದೆ. ನಾವು ಬೆಳಗ್ಗೆ ಊದುಬತ್ತಿ ಹಚ್ಚುತ್ತೇವೆ, ಮಧ್ಯಾಹ್ನ ಒಣಮೆಣಸಿನಕಾಯಿ ಒಗ್ಗರಣೆ ಹಾಕುತ್ತೇವೆ, ಸಂಜೆ ಮತ್ತೆ ದೀಪ, ಧೂಪ. ಒಗ್ಗರಣೆ ಆದ ಅರ್ಧ ಗಂಟೆಯಲ್ಲಿ ಬೆಂಕಿ ಹಚ್ಚಿದರೆ ಒಂಥರಾ ಕಮಟು, ಕಣ್ಣುರಿ. ಗೋಡೆಯ ಮೇಲೆ ತೆಳ್ಳಗೆ ಕಪ್ಪು ನೆರಳು. ಅದು ಗ್ಯಾಸಿನ ವಾಸನೆಯಲ್ಲ, ನಮ್ಮದೇ ಅಡುಗೆಮನೆಯದು. ಪೇಂಟ್ ಹೊಡೆಸಿದ ವಾರ, ನೆಲಕ್ಕೆ ಕ್ಲೀನರ್ ಹಾಕಿದ ದಿನ ಇದು ಇನ್ನೂ ಜೋರು. ಇನ್ನು ಧೂಳು. ಪೈಲಟ್ ಗಾಳಿ ಎಳೆಯುವ ತೂತು ಸೂಜಿಮೊನೆಗಿಂತ ತುಸು ದೊಡ್ಡದು. ಕಾರ್ಪೆಟ್ ನಾರು ಅಲ್ಲಿ ಕೂತರೆ ಜ್ವಾಲೆ ಹಳದಿಯಾಗಿ ಜೋಲುತ್ತದೆ, ಆಗಾಗ ತಾನೇ ಆರಿಹೋಗುತ್ತದೆ. ಗ್ಯಾಸ್ ಬಂದ್ ಮಾಡಿ, ತಣ್ಣಗಾದ ಮೇಲೆ ಗಾಳಿ ಡಬ್ಬಿಯಿಂದ ಊದಿದರೆ ಸರಿಹೋಗುತ್ತದೆ. ಪದೇ ಪದೇ ಆರುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಹಚ್ಚಬೇಡಿ, ಮೆಕ್ಯಾನಿಕ್ಕನ್ನು ಕರೆಸಿ. ಲಾಗುಗಳನ್ನು ಚಂದ ಕಾಣಲಿ ಅಂತ ಆಚೀಚೆ ಸರಿಸುವುದೂ ಬೇಡ. ಅವು ಕೂರಬೇಕಾದ ಮೊಳೆಗಳ ಮೇಲೇ ಕೂರಬೇಕು. ಜ್ವಾಲೆ ಲಾಗಿಗೆ ತಪ್ಪು ಜಾಗದಲ್ಲಿ ತಾಗಿದರೆ ಮಸಿ ಹಿಡಿಯುತ್ತದೆ, ಮಸಿ ಹಿಡಿದಲ್ಲಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ.

ಶಾಖ ಚಿಮಣಿಗೆ ಹೋಗದೆ ಮುಂದಕ್ಕೇ ಬರುವುದರಿಂದ ಮೇಲಿನ ಮ್ಯಾಂಟಲ್ ಹಲಗೆಯೂ ಕಾಯುತ್ತದೆ. ಅಲ್ಲಿಟ್ಟಿದ್ದ ಚನ್ನಪಟ್ಟಣದ ಬೊಂಬೆಗಳನ್ನು ಒಂದು ರಾತ್ರಿ ಎತ್ತಿದರೆ ಅರಗು ಅಂಟಂಟು, ಬೆರಳಿನ ಗುರುತು ಮೂಡಿತು. ಅಂತರದ ಅಳತೆ ಮ್ಯಾನ್ಯುಯಲ್ಲಿನಲ್ಲಿ ಇಂಚಿನ ಲೆಕ್ಕದಲ್ಲಿ ಇರುತ್ತದೆ. ಟಿವಿ ನೇತುಹಾಕುವವರು ಅದನ್ನು ಮೊದಲು ಓದಿ.

ಇಷ್ಟೆಲ್ಲ ಆದ ಮೇಲೆ ವೆಂಟ್-ಫ್ರೀ ತೆಗೆಸಿದೆವು. ಈಗ ನಮ್ಮ ಹಾಲ್‌ನಲ್ಲಿ ಇರುವುದು ಡೈರೆಕ್ಟ್ ವೆಂಟ್ ಇನ್ಸರ್ಟ್. ಹಳೇ ಗೂಡಿನೊಳಗೇ ಕೂರುವ ಉಕ್ಕಿನ ಪೆಟ್ಟಿಗೆ, ಮುಂದೆ ಪೂರ್ತಿ ಮುಚ್ಚಿದ ಗಾಜು. ಚಿಮಣಿಯೊಳಗೆ ಎರಡು ಬಳುಕುವ ಪೈಪ್. ಒಂದು ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ, ಇನ್ನೊಂದು ಸುಟ್ಟದ್ದನ್ನು ಹೊರಗೆ ಹಾಕುತ್ತದೆ. ಮನೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಒಗ್ಗರಣೆ ಹಾಕಿ, ಊದುಬತ್ತಿ ಹಚ್ಚಿ, ಏನೂ ವಾಸನೆ ಇಲ್ಲ. ಕಿಟಕಿ ಬೆವರುವುದಿಲ್ಲ, ಮೀಟರಿನ ಅಂಕಿ ಅಲ್ಲಾಡುವುದಿಲ್ಲ. ಸಿಓ ಅಲಾರಂ ಇದಕ್ಕೂ ಇದೆ, ಪೈಪಿನ ಜಾಯಿಂಟ್ ಸಡಿಲವಾಗುವುದಿಲ್ಲ ಅಂತ ಯಾರು ಹೇಳುತ್ತಾರೆ?

ಇದಕ್ಕೆ ಬಿದ್ದದ್ದು ಸುಮಾರು 5,500 ಡಾಲರ್. ಸುಮ್ನೆ ಅಲ್ಲ, ಐದು ಪಟ್ಟು. ಶಾಖವೂ ಸ್ವಲ್ಪ ಕಡಿಮೆ, ಕಾಲು ಭಾಗದಷ್ಟು ಪೈಪಿನಲ್ಲಿ ಹೋಗುತ್ತದೆ. ಬ್ಲೋವರ್ (ಬಿಸಿ ಗಾಳಿ ತಳ್ಳುವ ಫ್ಯಾನ್) ಹಾಕಿದರೆ ಸಣ್ಣಗೆ ಗುಂಯ್ ಸದ್ದು, ಟಿವಿ ನೋಡುವಾಗ ಕಿರಿಕಿರಿ. ಮತ್ತೆ ಗಾಜು. ಅದು ಸುಡುವುದು ತಮಾಷೆಯಲ್ಲ. ಆರಿಸಿ ಎಷ್ಟೋ ಹೊತ್ತಾದರೂ ಬಿಸಿ ಇರುತ್ತದೆ. 2015ರಿಂದ ಅಮೆರಿಕದಲ್ಲಿ ತಯಾರಾಗುವ ಇಂಥ ಗಾಜಿನ ಫೈರ್‌ಪ್ಲೇಸುಗಳ ಜೊತೆ ಜಾಲರಿ ಪರದೆ ಕೊಡಲೇಬೇಕು. ಕೆಲವರು ನೋಟ ಹಾಳಾಗುತ್ತೆ ಅಂತ ಅದನ್ನು ತೆಗೆದು ಗ್ಯಾರೇಜಿನಲ್ಲಿಡುತ್ತಾರೆ. ಅಂಬೆಗಾಲಿಡುವ ಮಗು ಬರುವ ಮನೆಯಲ್ಲಿ ಹಾಗೆ ಮಾಡಿದರೆ ಬೈಯಬೇಕು ಅಷ್ಟೇ. ಹೊರಗಿನ ಪೈಪಿನ ತುದಿಗೆ ಹಕ್ಕಿ ಗೂಡು, ಒಣ ಎಲೆ ಸಿಕ್ಕಿಲ್ಲವೇ ಅಂತ ವರ್ಷಕ್ಕೊಮ್ಮೆ ನೋಡಿಸಬೇಕು.

ಮಹಡಿಯ ಬೆಡ್‌ರೂಮಿಗೆ ಎಲೆಕ್ಟ್ರಿಕ್ ತಂದೆವು. 250 ಡಾಲರ್. ಇದರ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಬೆಂಕಿಯ ಚಿತ್ರ ತೋರಿಸುವ ಹೀಟರ್ ಅಷ್ಟೇ. 1,500 ವಾಟ್, ಅಂದರೆ ಸುಮಾರು 5,100 ಬಿಟಿಯು. ಒಂದು ಕೋಣೆಗೆ ಸಾಕು, ಹಾಲಿಗೆ ಸಾಲದು. ಗ್ಯಾಸಿನಷ್ಟೇ ಶಾಖ ಕರೆಂಟಿನಿಂದ ಬೇಕಾದರೆ ನಮ್ಮ ದರದಲ್ಲಿ ಎರಡೂವರೆ ಪಟ್ಟು ಖರ್ಚು. ಗಾಳಿಯ ಚಿಂತೆ ಇಲ್ಲ, ವೈರಿನ ಚಿಂತೆ ಇದೆ. 12.5 ಆಂಪಿಯರ್ ಎಳೆಯುತ್ತದೆ. ಎಕ್ಸ್‌ಟೆನ್ಷನ್ ವೈರಿಗೆ ಸಿಗಿಸಬೇಡಿ, ನೇರ ಗೋಡೆಯ ಪ್ಲಗ್ಗಿಗೇ. ಒಂದು ಗಂಟೆ ಉರಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಹಿಡಿಯಲಾಗದಷ್ಟು ಬಿಸಿಯಾದರೆ ಸಾಕೆಟ್ ಸಡಿಲ ಅಂತ ಅರ್ಥ.

ಹಾಗಾದರೆ ವೆಂಟ್-ಫ್ರೀ ಯಾರಿಗೆ? ಹಳೇ ಕಾಲದ, ಗಾಳಿಯಾಡುವ ದೊಡ್ಡ ಮನೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ಬೆಂಕಿ. ಎಚ್ಚರವಿರುವ ಜನ, ಉಸಿರಿನ ತೊಂದರೆ ಯಾರಿಗೂ ಇಲ್ಲ. ಚಿಮಣಿ ಇಲ್ಲದ ಕಡೆ ಹೊಸದಾಗಿ ಹಾಕಿಸಬೇಕು, ಐದು ಸಾವಿರ ಕೈಯಲ್ಲಿಲ್ಲ. ಅಂಥವರು ಹಾಕಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ. ಮನೆಯ ಹೀಟರ್ ಆಫ್ ಮಾಡಿ ಇದರ ಮೇಲೆಯೇ ಇಡೀ ಚಳಿಗಾಲ ಕಳೆಯುತ್ತೇವೆ ಅನ್ನುವವರಿಗೆ ಮಾತ್ರ ಖಂಡಿತ ಬೇಡ.

ವೆಂಟ್-ಫ್ರೀ ಗೆಲ್ಲುವ ಇನ್ನೊಂದು ಜಾಗ ಕರೆಂಟ್ ಹೋದಾಗ. ಇಲ್ಲಿ ಮಳೆ ನೀರು ಮರದ ಕೊಂಬೆಗಳ ಮೇಲೇ ಹೆಪ್ಪುಗಟ್ಟುವ ಐಸ್ ಸ್ಟಾರ್ಮ್ ಬರುತ್ತದೆ. ಕೊಂಬೆ ಮುರಿದು ಲೈನಿನ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲು. ಆಗ ಎಲೆಕ್ಟ್ರಿಕ್ ಬರೀ ಗಾಜಿನ ಪೆಟ್ಟಿಗೆ. ವೆಂಟ್-ಫ್ರೀ ಪೈಲಟ್ ತನ್ನ ಬಿಸಿಯಿಂದಲೇ ವಾಲ್ವಿಗೆ ಬೇಕಾದ ಚೂರು ಕರೆಂಟ್ ಹುಟ್ಟಿಸಿಕೊಂಡು ಉರಿಯುತ್ತಿರುತ್ತದೆ. ಡೈರೆಕ್ಟ್ ವೆಂಟಿನಲ್ಲೂ ಸದಾ ಉರಿಯುವ ಪೈಲಟ್ ಇರುವ ಮಾದರಿ ಸಿಗುತ್ತದೆ. ನಮ್ಮದು ಕಿಡಿಯಿಂದ ಹೊತ್ತುವಂಥದ್ದು, ಅದಕ್ಕೆ ಬ್ಯಾಕಪ್ ಬ್ಯಾಟರಿ ಡಬ್ಬಿ ಕೆಳಗಿನ ತಟ್ಟೆಯ ಹಿಂದೆ ಇದೆ. ಬ್ಲೋವರ್ ತಿರುಗುವುದಿಲ್ಲ, ಆದರೆ ಬೆಂಕಿ ಹತ್ತುತ್ತದೆ, ಹತ್ತಿರ ಕೂತರೆ ಸಾಕಷ್ಟು ಬಿಸಿ. ಕೊಳ್ಳುವಾಗ ಈ ಬ್ಯಾಟರಿ ಎಲ್ಲಿದೆ, ಯಾವ ಸೈಜ್ ಅಂತ ಅಂಗಡಿಯಲ್ಲೇ ತೆಗೆದು ತೋರಿಸಲು ಹೇಳಿ. ಬ್ಯಾಟರಿ ಬದಲಾಯಿಸುವುದು, ವರ್ಷದ ಸರ್ವೀಸ್, ಎರಡನ್ನೂ ಸೆಪ್ಟೆಂಬರಿನಲ್ಲೇ ಮುಗಿಸಿ. ನವೆಂಬರ್ ಬಂತೆಂದರೆ ಮೆಕ್ಯಾನಿಕ್ಕುಗಳು ಫೋನ್ ಎತ್ತುವುದಿಲ್ಲ.