ಚೆಕ್ ಎಂಜಿನ್ ಲೈಟ್ ಮತ್ತೆ ಮತ್ತೆ ಬಂದರೆ: ಅಗ್ಗದ ಡಾಂಗಲ್, ಒಳ್ಳೆಯ ಡಾಂಗಲ್, ವೈರ್ ಸ್ಕ್ಯಾನರ್, ಗ್ಯಾರೇಜ್

ಗ್ಯಾರೇಜಿನಲ್ಲಿ ಅಳಿಸಿದ ಚೆಕ್ ಎಂಜಿನ್ ಲೈಟ್ ಕೆಲವೇ ದಿನಕ್ಕೆ ಮತ್ತೆ ಹೊತ್ತಿಕೊಂಡರೆ, ಮುಂದಿನ ದುಡ್ಡನ್ನು ಆಕ್ಸಿಜನ್ ಸೆನ್ಸರ್‌ಗೋ ಕ್ಯಾಟಲಿಟಿಕ್ ಕನ್ವರ್ಟರ್‌ಗೋ ಸುರಿಯಬೇಡಿ. ಮೊದಲು ಕೋಡ್ (ಎಂಜಿನ್ ಕಂಪ್ಯೂಟರ್ ಬರೆದಿಡುವ ದೋಷದ ಸಂಖ್ಯೆ) ಓದುವ ಸಾಧನಕ್ಕೆ ಹಾಕಿ. ನಾಲ್ಕೂ ದಾರಿಗಳನ್ನು ಬಳಸಿ ನೋಡಿದ ಮೇಲೆ ನನ್ನ ಓಟು, ಕಾರಿನ 16 ಪಿನ್ ಒಬಿಡಿ ಸಾಕೆಟ್‌ಗೆ ಸಿಕ್ಕಿಸಿದರೆ ಕೋಡ್‌ಗಳನ್ನು ಫೋನಿಗೆ ಕಳಿಸುವ ಪುಟ್ಟ ಡಬ್ಬಿ, ಅಂದರೆ ಒಳ್ಳೆಯ ಬ್ಲೂಟೂತ್ ಡಾಂಗಲ್‌ಗೆ. ವೀಗೇಟ್ ಐಕಾರ್ ಪ್ರೊ ತರಹದ್ದು, ಜೊತೆಗೆ ಫೋನಿನಲ್ಲಿ ಕಾರ್ ಸ್ಕ್ಯಾನರ್ ಅಥವಾ ಟಾರ್ಕ್ ಪ್ರೊ ಆ್ಯಪ್. ನಾಲ್ಕರಲ್ಲಿ ಇದು ಅತಿ ಅಗ್ಗದ್ದೂ ಅಲ್ಲ, ಅತಿ ಶಕ್ತಿಯದ್ದೂ ಅಲ್ಲ. ಆದರೂ ಪದೇ ಪದೇ ಬರುವ ಲೈಟಿಗೆ ಇದೇ ಸರಿ.

ಕಾರಣ ಫ್ರೀಜ್ ಫ್ರೇಮ್. ಲೈಟ್ ಹೊತ್ತಿಸುವಾಗ ಇಸಿಯು (ಎಂಜಿನ್ ಕಂಪ್ಯೂಟರ್) ಬರೀ ಕೋಡ್ ಬರೆದಿಟ್ಟು ಸುಮ್ಮನಾಗುವುದಿಲ್ಲ. ಆ ಕ್ಷಣದ ಆರ್‌ಪಿಎಂ, ಎಂಜಿನ್ ಮೇಲಿನ ಲೋಡ್, ಕೂಲೆಂಟ್ ಬಿಸಿ, ಗಾಡಿಯ ವೇಗ, ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಪೆಟ್ರೋಲನ್ನು ಇಸಿಯು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಎಲ್ಲವನ್ನೂ ಜೊತೆಗೆ ದಾಖಲಿಸುತ್ತದೆ. ಈ ದಾಖಲೆಯೇ ಫ್ರೀಜ್ ಫ್ರೇಮ್. ಪಿ0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಅಂತ ಕೋಡ್ ಹೇಳುತ್ತದೆ, ಅಷ್ಟೇ. ಅದೇ ಕೋಡಿನ ಫ್ರೀಜ್ ಫ್ರೇಮ್‌ನಲ್ಲಿ 780 ಆರ್‌ಪಿಎಂ, ವೇಗ ಸೊನ್ನೆ, ಲಾಂಗ್ ಟರ್ಮ್ ಟ್ರಿಮ್ +21 ಇದ್ದರೆ ಸಿಗ್ನಲ್‌ನಲ್ಲಿ ನಿಂತಾಗ ಎಲ್ಲೋ ಗಾಳಿ ಒಳಗೆ ಎಳೆಯುತ್ತಿದೆ ಅಂತ ಅರ್ಥ. 3200 ಆರ್‌ಪಿಎಂ, ಲೋಡ್ 80 ಇದ್ದರೆ ಏರು ದಾರಿಯಲ್ಲಿ ಪೆಟ್ರೋಲ್ ಸಾಲುತ್ತಿಲ್ಲ. ಪಂಪ್, ಫಿಲ್ಟರ್, ಇಂಜೆಕ್ಟರ್ ಕಡೆ ನೋಡಬೇಕು. ಒಂದೇ ಕೋಡ್, ರಿಪೇರಿ ಬೇರೆ ಬೇರೆ.

ಗ್ಯಾರೇಜಿನ ದೊಡ್ಡ ತೊಡಕು ಇಲ್ಲೇ. ಬಹಳ ಕಡೆ ಸ್ಕ್ಯಾನರ್ ಹಾಕಿದವರು ಕೋಡ್ ನಂಬರ್ ಓದಿ, ತಕ್ಷಣ ಕ್ಲಿಯರ್ ಒತ್ತಿ, "ಈಗ ಹೋಯ್ತು ಸಾರ್, ಮತ್ತೆ ಬಂದ್ರೆ ನೋಡೋಣ" ಅಂತ ಕಳಿಸುತ್ತಾರೆ. ಕ್ಲಿಯರ್ ಆದೇಶ ಕೋಡಿನ ಜೊತೆಗೆ ಫ್ರೀಜ್ ಫ್ರೇಮನ್ನೂ ಅಳಿಸುತ್ತದೆ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಇತ್ಯಾದಿ ಸ್ವಯಂ ಪರೀಕ್ಷೆಗಳ ಫಲಿತಾಂಶವನ್ನೂ ಸೊನ್ನೆಗೆ ತರುತ್ತದೆ. ಹೆಚ್ಚಿನ ಕೋಡ್‌ಗಳಿಗೆ ದೋಷ ಎರಡು ಸತತ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ) ಡ್ರೈವ್ ಸೈಕಲ್‌ಗಳಲ್ಲಿ ಕಾಣಿಸಿಕೊಂಡರೆ ಮಾತ್ರ ಲೈಟ್ ಬರುತ್ತದೆ. ಹಾಗಾಗಿ ಅಳಿಸಿದ ದಿನ ಲೈಟ್ ಇಲ್ಲದಿರುವುದಕ್ಕೂ ರಿಪೇರಿ ಆಗಿರುವುದಕ್ಕೂ ಸಂಬಂಧವೇ ಇಲ್ಲ. ಲೈಟ್ ಮತ್ತೆ ಬಂದಾಗ ಇನ್ನೊಬ್ಬ ಮೆಕ್ಯಾನಿಕ್ ಇನ್ನೊಮ್ಮೆ ಅಳಿಸುತ್ತಾನೆ. ಪ್ರತಿ ಸಲವೂ ಸಾಕ್ಷಿ ನಾಶ, ಪ್ರತಿ ಸಲವೂ ಸ್ಕ್ಯಾನಿಂಗ್ ಶುಲ್ಕ.

ಗ್ಯಾರೇಜಿಗೇ ಹೋಗುವುದಾದರೆ ಸ್ಕ್ಯಾನರ್ ಹಾಕುವ ಮೊದಲೇ ಹೇಳಿಬಿಡಿ: "ಅಣ್ಣಾ, ಕ್ಲಿಯರ್ ಮಾಡೋಕೆ ಮುಂಚೆ ಫ್ರೀಜ್ ಫ್ರೇಮ್ ತೆಗೀರಿ, ಫೋಟೋ ಹೊಡ್ಕೋತೀನಿ." ಬೇಡ ಎನ್ನುವವರು ಕಡಿಮೆ. ಪರದೆಯ ಎಲ್ಲ ಪುಟಗಳ ಫೋಟೋ ಬೇಕು, ಮೊದಲ ಪುಟದ್ದು ಮಾತ್ರ ಅಲ್ಲ. ಇನ್ನೊಂದು ವಿಷಯ: ಅನೇಕ ಕಾರುಗಳಲ್ಲಿ ಒಂದೇ ಫ್ರೀಜ್ ಫ್ರೇಮ್‌ಗೆ ಜಾಗ ಇರುತ್ತದೆ. ಮಿಸ್‌ಫೈರ್ ಅಥವಾ ಫ್ಯೂಯೆಲ್ ಸಿಸ್ಟಮ್ ಕೋಡ್ ಬಂದರೆ ಅದು ಮೊದಲಿದ್ದ ಕಡಿಮೆ ಮಹತ್ವದ ದಾಖಲೆಯ ಮೇಲೆಯೇ ಬರೆದುಕೊಳ್ಳುತ್ತದೆ. ಹಾಗಾಗಿ ಎರಡು ಮೂರು ಕೋಡ್ ಒಟ್ಟಿಗೆ ಇದ್ದರೆ ಆ ಅಂಕಿಗಳು ಯಾವ ಕೋಡಿನವು ಅಂತ ಪುಟದ ತಲೆಯಲ್ಲೇ ನೋಡಿಕೊಳ್ಳಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಲೈಟ್ ಆರಿಸುವ ಉಪಾಯ ಇದಕ್ಕಿಂತ ಕೆಟ್ಟದ್ದು. ಎಷ್ಟೋ ಕಾರುಗಳಲ್ಲಿ ಕಲಿತ ಟ್ರಿಮ್, ಐಡಲ್ ಎಲ್ಲ ಮರೆತುಹೋಗುತ್ತದೆ.

ಗ್ಯಾರೇಜ್ ಸ್ಕ್ಯಾನರ್ ಗೆಲ್ಲುವ ಜಾಗಗಳೂ ಇವೆ. ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳು, ಕಂಪನಿಯದೇ ಆದ ವಿಶೇಷ ಕೋಡ್‌ಗಳು, ಇಂಜೆಕ್ಟರ್ ಕೋಡಿಂಗ್, ಬಿಎಸ್-6 ಡೀಸೆಲ್‌ನಲ್ಲಿ ಡಿಪಿಎಫ್ ರೀಜನರೇಷನ್ (ಮಸಿ ಫಿಲ್ಟರನ್ನು ಸುಟ್ಟು ಶುಚಿ ಮಾಡುವುದು): ಇವು ಸಾಮಾನ್ಯ ಡಾಂಗಲ್ ಕೈಲಿ ಆಗುವ ಕೆಲಸವಲ್ಲ. ಡೀಸೆಲ್ ಗಾಡಿಯವರು ನನ್ನ ತೀರ್ಪನ್ನು ಅರ್ಧ ಮಾತ್ರ ತೆಗೆದುಕೊಳ್ಳಿ.

ಈಗ ಅಗ್ಗದ ಡಾಂಗಲ್. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ, ಬೆರಳುದ್ದದ ನೀಲಿ ಪ್ಲಾಸ್ಟಿಕ್ ಡಬ್ಬಿ. ಮೇಲೆ "ಇಎಲ್‌ಎಂ327 ವಿ2.1" ಅಂತ ಇರುತ್ತದೆ. ಅಸಲಿ ಇಎಲ್‌ಎಂ327 ಚಿಪ್ ಮಾಡುತ್ತಿದ್ದದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್, ಆ ಸಂಸ್ಥೆ 2022ರಲ್ಲಿ ಬಾಗಿಲು ಹಾಕಿತು. ಮಾರುಕಟ್ಟೆಯ ಈ ಡಬ್ಬಿಗಳೆಲ್ಲ ನಕಲು. ನಕಲಿನಲ್ಲೂ ಪರವಾಗಿಲ್ಲದ್ದು ಇದೆ: "ವಿ1.5" ಎಂಬ ಆವೃತ್ತಿಯನ್ನು ಎಲ್ಮ್ ಬಿಡುಗಡೆ ಮಾಡಿದ್ದೇ ಇಲ್ಲ, ಆದರೂ ಆ ಹೆಸರಿನ ನಕಲುಗಳು ಹಲವು ಸಲ ವಿ2.1 ನಕಲುಗಳಿಗಿಂತ ಹೆಚ್ಚು ಆದೇಶಗಳಿಗೆ ಸರಿಯಾಗಿ ಉತ್ತರಿಸುತ್ತವೆ.

ಕೆಟ್ಟ ನಕಲು ಪೂರ್ತಿ ಕೆಲಸ ಮಾಡದಿದ್ದರೆ ಪರವಾಗಿರಲಿಲ್ಲ, ವಾಪಸ್ ಕಳಿಸಬಹುದಿತ್ತು. ಅದು ಅರ್ಧ ಕೆಲಸ ಮಾಡುತ್ತದೆ, ಕಷ್ಟ ಅದು. ಕ್ಯಾನ್ ಬಸ್ (ಕಾರಿನ ಕಂಪ್ಯೂಟರುಗಳು ಮಾತಾಡುವ ಜಾಲ) ಇರುವ ಕಾರಿನಲ್ಲಿ ಒಂದು ಸಂದೇಶದಲ್ಲಿ ಹಿಡಿಸುವುದು ಎರಡೇ ಕೋಡ್. ಮೂರನೆಯದು ಇದ್ದರೆ ಇಸಿಯು ಉತ್ತರವನ್ನು ತುಂಡು ಮಾಡಿ ಕಳಿಸುತ್ತದೆ, ಡಾಂಗಲ್ ಅದನ್ನು ಪೂರ್ತಿಯಾಗಿ ತೆಗೆದುಕೊಂಡು ಆ್ಯಪ್‌ಗೆ ದಾಟಿಸಬೇಕು. ಕೆಟ್ಟ ನಕಲು ಇಲ್ಲಿ ತುಂಡುಗಳನ್ನು ಕಳೆದುಕೊಳ್ಳುತ್ತದೆ. ಆ್ಯಪ್ "ಕೋಡ್ ಇಲ್ಲ" ಎಂದೋ, ಇರುವುದರಲ್ಲಿ ಕೆಲವನ್ನೋ ತೋರಿಸುತ್ತದೆ. ಲೈಟ್ ಎದುರಿಗೆ ಉರಿಯುತ್ತಿರುವಾಗ ಕೋಡ್ ಇಲ್ಲ ಎಂದು ಓದಿದವರು ಮೀಟರಿನ ವೈರಿಂಗ್ ಹುಡುಕಲು ಹೊರಡುತ್ತಾರೆ. ಲೈವ್ ಡೇಟಾದಲ್ಲೂ ಇದೇ ಗೋಳು: ಗ್ರಾಫ್ ನಿಂತು ನಿಂತು ಬರುತ್ತದೆ, ಆಕ್ಸಿಜನ್ ಸೆನ್ಸರ್ ಸೋಮಾರಿಯೋ ಡಾಂಗಲ್ ಸೋಮಾರಿಯೋ ತಿಳಿಯುವುದಿಲ್ಲ. ಮೊದಲೇ ಕೊಂಡಿದ್ದರೆ ಪ್ಲೇ ಸ್ಟೋರ್‌ನಲ್ಲಿ ಇಎಲ್‌ಎಂ327 ಐಡೆಂಟಿಫೈಯರ್ ಎಂಬ ಆ್ಯಪ್ ಹಾಕಿ, ಎಷ್ಟು ಆದೇಶಗಳಿಗೆ ಉತ್ತರ ಬರುತ್ತದೆ ನೋಡಿ. ಐಫೋನ್ ಇದ್ದವರಿಗೆ ಈ ಹಳೇ ಬ್ಲೂಟೂತ್ ಡಬ್ಬಿಗಳು ಹೊಂದುವುದೇ ಇಲ್ಲ; ಬಿಎಲ್‌ಇ (ಕಡಿಮೆ ಕರೆಂಟಿನ ಹೊಸ ಬಗೆಯ ಬ್ಲೂಟೂತ್) ಅಥವಾ ವೈಫೈ ಇರುವುದೇ ಬೇಕು.

ಅದನ್ನು ಸಾಕೆಟ್‌ನಲ್ಲೇ ಬಿಟ್ಟು ಊರಿಗೆ ಹೋಗಬೇಡಿ. 16ನೇ ಪಿನ್‌ಗೆ ಕೀ ತೆಗೆದಾಗಲೂ ಬ್ಯಾಟರಿ ಕರೆಂಟ್ ಇರುತ್ತದೆ. 40 ಮಿಲಿ ಆಂಪಿಯರ್ ಎಳೆಯುವ ಡಾಂಗಲ್ ದಿನಕ್ಕೆ ಸುಮಾರು ಒಂದು ಆಂಪಿಯರ್-ಅವರ್ ತಿನ್ನುತ್ತದೆ, ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35ರ ಆಸುಪಾಸು. ಒಳ್ಳೆಯ ಡಾಂಗಲ್ ಎಂಜಿನ್ ನಿಂತ ಮೇಲೆ ತಾನೇ ನಿದ್ದೆಗೆ ಹೋಗುತ್ತದೆ.

ವೈರ್ ಇರುವ ಕೈ ಸ್ಕ್ಯಾನರ್ ಬಗ್ಗೆ ದೂರು ಕಡಿಮೆ. ಸಿಕ್ಕಿಸಿದ ಕೂಡಲೇ ಚಾಲೂ, ಪೇರಿಂಗ್ ಇಲ್ಲ, ಸಂಪರ್ಕ ತಪ್ಪುವುದಿಲ್ಲ, ಫೋನ್ ಬೇಡ. ಕೋಡ್, ಫ್ರೀಜ್ ಫ್ರೇಮ್ ಎರಡನ್ನೂ ಸರಿಯಾಗಿ ಓದುತ್ತದೆ. ಆ್ಯಪ್ ಎಂದರೆ ಬೇಸರ ಪಡುವ ಹಿರಿಯರ ಕಾರಿಗೆ ಇದೇ ಕೊಡಿಸಿ. ಆದರೆ ಕಡಿಮೆ ಬೆಲೆಯ ಮಾದರಿಗಳು ಓಡಿಸುವಾಗಿನ ಡೇಟಾವನ್ನು ಉಳಿಸಿಡುವುದಿಲ್ಲ, ಮತ್ತೆ ಮತ್ತೆ ಬರುವ ಲೈಟಿಗೆ ಬೇಕಾದದ್ದೇ ಅದು.

ಒಳ್ಳೆಯ ಡಾಂಗಲ್ ಕೈಗೆ ಬಂದ ಮೇಲೆ ಪಿ0171 ಹಿಡಿಯುವ ಬಗೆ ಹೀಗೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಎರಡೂ ಟ್ರಿಮ್‌ಗಳ ಮೊತ್ತವನ್ನು ಐಡಲ್‌ನಲ್ಲಿ ಬರೆದುಕೊಳ್ಳಿ, ನಂತರ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಬರೆದುಕೊಳ್ಳಿ. ಐಡಲ್‌ನಲ್ಲಿ +20, ಮೇಲೆ +5 ಆದರೆ ಗಾಳಿ ಸೋರಿಕೆ: ಇನ್‌ಟೇಕ್ ಹೋಸ್, ಪಿಸಿವಿ (ಎಂಜಿನ್ ಒಳಗಿನ ಆವಿ ಮರಳಿ ಎಳೆಯುವ) ಪೈಪ್, ಬ್ರೇಕ್ ಬೂಸ್ಟರ್ ಪೈಪ್. ಮೇಲೆ ಹೋದಂತೆ ಏರಿದರೆ ಪೆಟ್ರೋಲ್ ಪೂರೈಕೆ ಅಥವಾ ಕೊಳೆಯಾದ ಎಂಎಎಫ್ (ಒಳಬರುವ ಗಾಳಿ ಅಳೆಯುವ ಸೆನ್ಸರ್). ಈ ಸೂತ್ರ ಎಂಎಎಫ್ ಸೆನ್ಸರ್ ಇರುವ ಕಾರುಗಳಿಗೆ. ನಮ್ಮ ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಎಂಎಎಫ್ ಇಲ್ಲ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಎಂಎಪಿ ಇದೆ. ಅಂಥ ಎಂಜಿನ್‌ನಲ್ಲಿ ಕಳ್ಳಗಾಳಿಯನ್ನೂ ಎಂಎಪಿ ಲೆಕ್ಕ ಹಾಕಿಬಿಡುತ್ತದೆ. ಟ್ರಿಮ್ ಅಷ್ಟಾಗಿ ಏರದೆ ಐಡಲ್ ಆರ್‌ಪಿಎಂ ಏರುತ್ತದೆ. ಅಲ್ಲಿ ಪಿ0171 ಬಂದರೆ ಮೊದಲ ಅನುಮಾನ ಫ್ಯೂಯೆಲ್ ಪ್ರೆಶರ್, ಇಂಜೆಕ್ಟರ್ ಮತ್ತು ಆಕ್ಸಿಜನ್ ಸೆನ್ಸರ್‌ಗಿಂತ ಎಂಜಿನ್ ಕಡೆಗೆ ಇರುವ ಸೈಲೆನ್ಸರ್ ಪೈಪಿನ ಸೋರಿಕೆ ಮೇಲೆ.

ಎಂಎಪಿ ಸೆನ್ಸರ್ ಪರೀಕ್ಷೆಗೆ ಖರ್ಚೇ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಆ್ಯಪ್‌ನಲ್ಲಿ ಎಂಎಪಿ ಅಂಕಿ ನೋಡಿ. ಮಂಗಳೂರಿನಲ್ಲಿ 101 ಕಿಲೋ ಪಾಸ್ಕಲ್ ಹತ್ತಿರ ಇರಬೇಕು, ಬೆಂಗಳೂರಿನಲ್ಲಿ 91ರ ಹತ್ತಿರ. ಬೆಂಗಳೂರಿನಲ್ಲಿ ನಿಂತು 101 ಬರಬೇಕು ಅಂತ ಅಂತರ್ಜಾಲದ ಪಟ್ಟಿ ನೋಡಿ ಒಳ್ಳೆಯ ಸೆನ್ಸರ್ ಬದಲಿಸಬೇಡಿ, 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಅಷ್ಟು.

ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲ್ ಬಂದ ಮೇಲೆ ಪಿ0171ಕ್ಕೆ ಇನ್ನೊಂದು ಮಗ್ಗುಲಿದೆ. ಇ10ಕ್ಕೆ ಹೋಲಿಸಿದರೆ ಇ20ಕ್ಕೆ ಅದೇ ಗಾಳಿಗೆ ಶೇಕಡಾ 4ರಿಂದ 5ರಷ್ಟು ಹೆಚ್ಚು ಪೆಟ್ರೋಲ್ ಬೇಕು, ಆ ವ್ಯತ್ಯಾಸ ನೇರ ಲಾಂಗ್ ಟರ್ಮ್ ಟ್ರಿಮ್‌ಗೆ ಸೇರುತ್ತದೆ. ಅಷ್ಟರಿಂದಲೇ ಲೈಟ್ ಬರುವುದಿಲ್ಲ. ಆದರೆ ಮೊದಲೇ ಸಣ್ಣ ಸೋರಿಕೆಯಿಂದ +16, +17ರಲ್ಲಿ ಓಡುತ್ತಿದ್ದ ಕಾರು ಮಿತಿ ದಾಟಬಹುದು. ಪೆಟ್ರೋಲನ್ನು ಬೈಯುವುದಕ್ಕಿಂತ ಆ ಹಳೇ ಸೋರಿಕೆ ಹುಡುಕುವುದು ಲಾಭ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಪೆಟ್ರೋಲ್‌ನಲ್ಲೊಮ್ಮೆ, ಗ್ಯಾಸ್‌ನಲ್ಲೊಮ್ಮೆ ಟ್ರಿಮ್ ನೋಡಿ. ಗ್ಯಾಸ್‌ನಲ್ಲಿ ಮಾತ್ರ ಕೆಟ್ಟರೆ ಕಿಟ್ ಟ್ಯೂನಿಂಗ್ ಮಾಡಿಸಬೇಕು.

ಪಿ0420ಕ್ಕೆ (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್) ಕನ್ವರ್ಟರ್ ಬದಲಿಸಿ ಎಂದು ಯಾರಾದರೂ ಹೇಳಿದರೆ, ಕನ್ವರ್ಟರ್ ದಾಟಿದ ಮೇಲಿರುವ ಹಿಂದಿನ ಆಕ್ಸಿಜನ್ ಸೆನ್ಸರ್‌ನ ಗ್ರಾಫ್ ತೆಗೆಯದೆ ಒಪ್ಪಬೇಡಿ. ಬಿಸಿ ಎಂಜಿನ್, 2500 ಆರ್‌ಪಿಎಂ. ಹಿಂದಿನದು 0.6, 0.7 ವೋಲ್ಟ್‌ನಲ್ಲಿ ಹೆಚ್ಚು ಅಲುಗಾಡದೆ ನಿಂತರೆ ಕನ್ವರ್ಟರ್ ಬಹುಶಃ ಸರಿಯಿದೆ, ಸೈಲೆನ್ಸರ್ ಜಾಯಿಂಟ್ ಸೋರುತ್ತಿದೆಯೇ ನೋಡಿ. 0.1ರಿಂದ 0.9ರವರೆಗೆ ಬಿಡದೆ ಏರಿಳಿಯುತ್ತಿದ್ದರೆ ಕನ್ವರ್ಟರ್ ಸೋತಿದೆ.

ಪಿ0302 ಥರದ ಮಿಸ್ಸಿಂಗ್ ಕೋಡ್: 2ನೇ ಸಿಲಿಂಡರಿನ ಕಾಯಿಲ್ ಅನ್ನು 3ಕ್ಕೆ ಹಾಕಿ. ಕೋಡ್ ಪಿ0303 ಆದರೆ ಕಾಯಿಲ್ ಹೋಗಿದೆ. ಆಗದಿದ್ದರೆ ಪ್ಲಗ್ ಅದಲು ಬದಲು, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಲೈಟ್ ಮಿಣುಕುತ್ತಿದ್ದರೆ ಗಾಡಿ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಕನ್ವರ್ಟರನ್ನು ಸುಡುತ್ತದೆ.

ಸೆನ್ಸರ್ ಹೀಟರ್ ಕೋಡ್, ಪಿ0135 ಅಥವಾ ಪಿ0141, ಬಂದರೆ ಸೆನ್ಸರ್ ಕೊಳ್ಳುವ ಮೊದಲು ಫ್ಯೂಸ್ ನೋಡಿ, ಬಳಿಕ ವೈರಿಗೆ ಟಾರ್ಚ್ ಹಿಡಿಯಿರಿ. ಇಲಿ ಕಡಿದ ವೈರ್ ನಮ್ಮಲ್ಲಿ ಸಾಮಾನ್ಯ.

"ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ" ಎಂಬ ಸಲಹೆ ಅಮೆರಿಕದ್ದು. ಅಲ್ಲಿನ ಕಾರುಗಳು ಟ್ಯಾಂಕಿನ ಆವಿ ಸೋರಿಕೆಯನ್ನು ತಾವೇ ಪರೀಕ್ಷಿಸುತ್ತವೆ, ಪಿ0455, ಪಿ0457 ಬರುತ್ತವೆ. ಭಾರತದ ನಿಯಮ ಯುರೋಪಿನ ದಾರಿಯದ್ದು, ಇಲ್ಲಿನ ಹೆಚ್ಚಿನ ಕಾರುಗಳಲ್ಲಿ ಆ ಪರೀಕ್ಷೆ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಮಾತ್ರ ಮುಚ್ಚಳದಿಂದಲೇ ಶುರು ಮಾಡಿ. ಜೊತೆಗೆ, ಎಮಿಷನ್ ಪರೀಕ್ಷೆಯ ಹಿಂದಿನ ದಿನ ಕೋಡ್ ಅಳಿಸಬೇಡಿ, ಸ್ವಯಂ ಪರೀಕ್ಷೆಗಳು ಮುಗಿದಿಲ್ಲವೆಂದು ವಾಪಸ್ ಕಳಿಸುತ್ತಾರೆ.

ರಿಪೇರಿ ಆಯಿತೋ ಇಲ್ಲವೋ ತಿಳಿಯಲು ಲೈಟಿಗೆ ಕಾಯಬೇಕಿಲ್ಲ. ಕೋಡ್ ಅಳಿಸಿ ದಿನದ ಓಡಾಟ ಮುಗಿಸಿ, ಸಂಜೆ ಆ್ಯಪ್‌ನಲ್ಲಿ ಪೆಂಡಿಂಗ್ ಕೋಡ್ ನೋಡಿ. ದೋಷ ಒಂದೇ ಸೈಕಲ್‌ನಲ್ಲಿ ಕಂಡರೂ ಅಲ್ಲಿ ಬಂದಿರುತ್ತದೆ. ಆದರೆ ಸಂಬಂಧಪಟ್ಟ ಪರೀಕ್ಷೆ "ಪೂರ್ಣ" ಎಂದು ತೋರಿಸಿದ ಮೇಲೆ ಪೆಂಡಿಂಗ್ ಖಾಲಿ ಇದ್ದರೆ ಮಾತ್ರ ನಂಬಿ.

ಬಜೆಟ್ ಮಾತು: ಒಳ್ಳೆಯ ಡಾಂಗಲ್‌ಗೆ ಎರಡು ಮೂರು ಸಾವಿರ ಆಗಬಹುದು, ಗ್ಯಾರೇಜಿನ ಕೆಲವು ಸ್ಕ್ಯಾನಿಂಗ್ ಬಿಲ್‌ಗಳಷ್ಟು. ತಿಂಗಳಿಗೊಮ್ಮೆಯಾದರೂ ಬಾನೆಟ್ ಎತ್ತುವ, ಅಂಕಿ ಬರೆದಿಡುವ ಅಭ್ಯಾಸ ಇದ್ದವರಿಗೆ ಇದು. ಅಷ್ಟು ವ್ಯವಧಾನ ಇಲ್ಲದವರು ಕೈ ಸ್ಕ್ಯಾನರ್ ಕೊಂಡು ಫೋಟೋ ತೆಗೆದು ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ. ಭಾರತದಲ್ಲಿ ಒಬಿಡಿ-2 (ಕಾರು ತನ್ನ ದೋಷ ತಾನೇ ಪತ್ತೆ ಮಾಡುವ ವ್ಯವಸ್ಥೆ) ಕಡ್ಡಾಯ ಆದದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆಯ ಕಾರಿಗೆ ಕೊಳ್ಳುವುದಾದರೆ ಮೊದಲು ಯಾರದಾದರೂ ಡಾಂಗಲ್ ತಂದು ಸಿಕ್ಕಿಸಿ ನೋಡಿ. 16 ಪಿನ್ ಸಾಕೆಟ್ ಇದ್ದ ಮಾತ್ರಕ್ಕೆ ಎಲ್ಲ ಡೇಟಾ ಬರುತ್ತದೆ ಎಂದಿಲ್ಲ. ಕೊಂಡ ದಿನವೇ, ಲೈಟ್ ಇಲ್ಲದಿರುವಾಗಲೇ, ಬಿಸಿ ಎಂಜಿನ್‌ನ ಐಡಲ್ ಮತ್ತು 2500 ಆರ್‌ಪಿಎಂ ಟ್ರಿಮ್‌ಗಳನ್ನು, ಎಂಎಪಿ ಇದ್ದರೆ ಅದರ ಅಂಕಿಯನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ಲೈಟ್ ಬಂದಾಗ ಹೋಲಿಸಲು ನಿಮ್ಮದೇ ಕಾರಿನ ಸರಿಯಾದ ಅಂಕಿ ಕೈಯಲ್ಲಿರುತ್ತದೆ.