ಮಲತಾಯಿಯಲ್ಲ, ಹೆತ್ತ ತಾಯಿ: ವಿದ್ಯಾರ್ಥಿಗಳು ಆಡಿದ ಗ್ರಿಮ್ ಕಥೆಗಳು

ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಜನಪದ ಕಥಾಸಂಗ್ರಹದ ಮೊದಲ ಆವೃತ್ತಿಯಲ್ಲಿ, ಮನೆಯಲ್ಲಿ ಅನ್ನವಿಲ್ಲವೆಂದು ಹ್ಯಾನ್ಸೆಲ್ ಮತ್ತು ಗ್ರೆಟೆಲ್‌ರನ್ನು ಕಾಡಿನಲ್ಲಿ ಬಿಟ್ಟುಬರುವಂತೆ ಗಂಡನನ್ನು ಒತ್ತಾಯಿಸುವವಳು ಅವರ ಹೆತ್ತ ತಾಯಿಯೇ. ಅವಳು ಮಲತಾಯಿಯಾದದ್ದು 1840ರ ಆವೃತ್ತಿಯಲ್ಲಿ. ಬೆಂಗಳೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಮೂರು ಕಥೆಗಳನ್ನು ಹೆಣೆದು ಕನ್ನಡದಲ್ಲಿ ಆಡಿದ ಪ್ರಯೋಗವು ಈ ಹಳೆಯ ಪಾಠಕ್ಕೇ ಮರಳಿದೆ, ಮತ್ತು ಅದರ ಬಲವೆಲ್ಲ ಈ ಆಯ್ಕೆಯಲ್ಲಿದೆ.

ಮೊದಲ ಕಥೆಯ ತಾಯಿ ಒಮ್ಮೆಯೂ ದನಿ ಏರಿಸುವುದಿಲ್ಲ. ಮಗಳ ತಲೆ ಬಾಚುತ್ತ, ಜಡೆಯ ತುದಿಗೆ ದಾರ ಕಟ್ಟುತ್ತ, ಇರುವ ಹಿಟ್ಟು ಇಬ್ಬರಿಗೆ ಮಾತ್ರ ಸಾಲುತ್ತದೆ ಎಂದು ಗಂಡನಿಗೆ ಲೆಕ್ಕ ಹೇಳುತ್ತಾಳೆ. ಆ ಮಾತು ಮಗಳ ಕಿವಿಗೂ ಬೀಳುತ್ತಿದೆ ಎಂಬುದು ನಮಗೆ ತಿಳಿಯುವ ಹೊತ್ತಿಗೆ ಜಡೆ ಹೆಣೆದು ಮುಗಿದಿರುತ್ತದೆ. ಒಂದು ಲಾಟೀನು, ಒಂದು ಮಣೆ, ಖಾಲಿ ಮೊರ, ಇಷ್ಟೇ ರಂಗಪರಿಕರ. ಪಾತ್ರಧಾರಿಣಿ ತಾಯಿಯನ್ನು ರಾಕ್ಷಸಿಯಾಗಿಸದೆ, ಹಾಗೆಂದು ಕ್ಷಮೆಯನ್ನೂ ಬೇಡದೆ ಅಭಿನಯಿಸಿದ್ದು ಇಡೀ ಪ್ರಯೋಗದ ಅತ್ಯುತ್ತಮ ಅಂಶ.

ಸಿಂಡ್ರೆಲಾ ಕಥೆಯಲ್ಲಿಯೂ ಇದೇ ಸಂಯಮ ಕಾಣುತ್ತದೆ. ಪಾದರಕ್ಷೆಗೆ ಹೊಂದಲೆಂದು ಕಾಲ್ಬೆರಳು ಕತ್ತರಿಸಿಕೊಳ್ಳಲು ಮಗಳ ಕೈಗೆ ಚಾಕು ಕೊಡುವ ತಾಯಿ, ರಾಣಿಯಾದ ಮೇಲೆ ನಡೆಯುವ ಅಗತ್ಯವೇ ಇರದು ಎಂದು ಸಮಾಧಾನ ಹೇಳುವುದು ಗ್ರಿಮ್ ಪಾಠದಲ್ಲೇ ಇದೆ. ನಿರ್ದೇಶಕರು ರಕ್ತ ತೋರಿಸದೆ, ಪಾರಿವಾಳಗಳ ಹಾಡನ್ನು ಮೇಳದವರಿಂದ ಹಾಡಿಸಿ, ಹುಡುಗಿಯ ಕುಂಟು ನಡಿಗೆಯೊಂದರಿಂದಲೇ ಕೆಲಸ ಸಾಧಿಸಿದ್ದಾರೆ.

ಕೆಂಪು ಟೋಪಿಯ ಹುಡುಗಿಯ ಕಥೆಗೆ ಬಂದಾಗ ಈ ಸಂಯಮ ಸಡಿಲವಾಗುತ್ತದೆ. ಇಲ್ಲಿ ಅವರು ಗ್ರಿಮ್‌ರ ಬೇಟೆಗಾರನನ್ನು ಕೈಬಿಟ್ಟು, ಹುಡುಗಿಯನ್ನು ಯಾರೂ ಕಾಪಾಡದ, ಫ್ರೆಂಚ್ ಲೇಖಕ ಪೆರೊನ 1697ರ ಪಾಠವನ್ನು ಆರಿಸಿಕೊಂಡದ್ದು ಸರಿಯೇ. ಆದರೆ ಪೆರೊ ಕಥೆಯ ಕೊನೆಗೆ ಜೋಡಿಸಿದ ಪದ್ಯದಲ್ಲಿ ಅತ್ಯಂತ ಅಪಾಯಕಾರಿ ಎಂದು ಎಚ್ಚರಿಸಿದ್ದು ನಯವಾಗಿ ಮಾತಾಡಿಕೊಂಡು ಹಿಂದೆ ಬರುವ ತೋಳಗಳ ಬಗ್ಗೆ. ಇಲ್ಲಿನ ತೋಳವೋ ಪ್ರವೇಶದಿಂದಲೇ ಗುರುಗುಟ್ಟುತ್ತದೆ. ಕೆಂಪು ಬೆಳಕು, ಕೃತಕ ಹೊಗೆ, ಧ್ವನಿಮುದ್ರಿತ ಚೀತ್ಕಾರಗಳು ಒಂದರ ಮೇಲೊಂದು ಬಿದ್ದು, ಅಜ್ಜಿಯ ಹಾಸಿಗೆಯ ಬಳಿ ನಡೆಯುವ ಪ್ರಶ್ನೋತ್ತರವೇ ಕೇಳಿಸಲಿಲ್ಲ. ಇಷ್ಟು ಸಾಲದೆಂಬಂತೆ ಕೊನೆಗೆ ನಟಿಯೊಬ್ಬಳು ಮುಂದೆ ಬಂದು ಮಹಿಳಾ ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತಾಳೆ. ಜಡೆ ಹೆಣೆಯುವ ದೃಶ್ಯವನ್ನು ಕಟ್ಟಬಲ್ಲ ತಂಡಕ್ಕೆ ಇದರ ಅಗತ್ಯವಿರಲಿಲ್ಲ.

ಸಂಭಾಷಣೆಯ ಕನ್ನಡ ಆಡುಮಾತಿಗೆ ಹತ್ತಿರವಾಗಿದ್ದು, ಅನುವಾದದ ಬಿಗಿ ಎಲ್ಲಿಯೂ ಕಾಣದು. ಪೋಸ್ಟರಿನಲ್ಲಿ ವಯೋಮಿತಿಯನ್ನು ಸೂಚಿಸದ ಕಾರಣ ಮುಂದಿನ ಸಾಲುಗಳಲ್ಲಿ ಪುಟ್ಟ ಮಕ್ಕಳೂ ಇದ್ದರು, ಕೆಲವರನ್ನು ಪೋಷಕರು ನಡುವೆಯೇ ಹೊರಗೆ ಕರೆದೊಯ್ಯಬೇಕಾಯಿತು. ಮರುಪ್ರದರ್ಶನವಾದರೆ ಹತ್ತು ವರ್ಷ ದಾಟಿದ ಮಕ್ಕಳೊಂದಿಗೆ ಹೋಗಬಹುದು, ಅವರು ಮೊದಲ ಕಥೆಯನ್ನು ನೋಡಲೇಬೇಕು.