ಪಿವಿಸಿ ಪೈಪಿನ ಪಾನಾ ಡಬ್ಬಿ: ಎರಡು ಬೇಸಿಗೆ ಕಳೆದ ಮೇಲೆ

ಬೈಕಿನ ಪಾನಾ (ಸ್ಪ್ಯಾನರ್), ಪಂಕ್ಚರ್ ಸಾಮಾನು ಇಡಲು ತುಂಡು ಪಿವಿಸಿ ಪೈಪಿನಿಂದ ಮಾಡಿ ಗಾಡಿಗೆ ಕಟ್ಟಿಕೊಂಡ ಡಬ್ಬಿ ಇದು. ಪೈಪಿನ ಬಗ್ಗೆ ತಕರಾರಿಲ್ಲ, ಕ್ಲಾಂಪಿನ ಬಗ್ಗೆಯೂ ಇಲ್ಲ. ಇರುವ ಸಿಟ್ಟೆಲ್ಲ ಮುಚ್ಚಳದ ಮೇಲೆ. ವಿಜಯಪುರದ ಹತ್ತಿರದ ತಿಕೋಟಾ ದಾರಿಯ ಬಿಸಿಲಿನಲ್ಲಿ ಗಾಡಿ ಪಂಕ್ಚರ್ ಆಗಿ ನಿಂತಾಗ ಪಾನಾ ಎಲ್ಲ ಒಳಗಿದ್ದು ಮುಚ್ಚಳ ತಿರುಗದಿದ್ದರೆ, ಡಬ್ಬಿ ಇದ್ದೂ ಇಲ್ಲದಂತೆ.

ದ್ರಾಕ್ಷಿ ತೋಟಗಳಿಗೆ ಡ್ರಿಪ್ ಹಾಕುವ ವಿಜಯಪುರದ ಕಡೆ ತುಂಡು ಪೈಪಿಗೆ ಬರವಿಲ್ಲ. 90 ಎಂಎಂ ಬೂದು ಪೈಪು 14 ಇಂಚು ಸಾಕು. 75 ಎಂಎಂ ತಗೊಂಡರೆ ಟಾಯರ್ ಲಿವರ್ ಇಳಿಯುತ್ತವೆ, ಕೈಪಂಪು ಇಳಿಯುವುದಿಲ್ಲ. 110 ಎಂಎಂ ಆದರೆ ಸಾಮಾನು ಕುಣಿಯುತ್ತದೆ. 4 ಕೆಜಿ ಒತ್ತಡದ (ಚದರ ಸೆಂ.ಮೀ.ಗೆ ಅಷ್ಟು ತಾಳುವ) ಪೈಪು ತೆಳು, ಬಿಸಿಲಿಗೆ ಮೆತ್ತಗಾದಾಗ ಕ್ಲಾಂಪಿನ ಹಿಡಿತಕ್ಕೆ ಚಪ್ಪಟೆಯಾಗುತ್ತದೆ. 6 ಕೆಜಿಯದ್ದೇ ಇರಲಿ. ಒಂದು ಬದಿಗೆ ಎಂಡ್ ಕ್ಯಾಪ್, ಇನ್ನೊಂದು ಬದಿಗೆ ಎಂಟಿಎ (ಹೊರಮೈಗೆ ಥ್ರೆಡ್ ಇರುವ ಜೋಡಣೆ), ಅದರ ಮೇಲೆ ತಿರುಗಿಸಿ ಹಾಕುವ ಥ್ರೆಡ್ ಕ್ಯಾಪ್. ಡ್ರಿಪ್ ಲೈನಿನ ಕೊನೆಗೆ ಹಾಕುವ ಅದೇ ಜೋಡಿ. ಪೈಪು ಪುಕ್ಕಟೆ ಸಿಕ್ಕರೆ ಖರ್ಚು ಉಳಿದದ್ದಕ್ಕಷ್ಟೇ.

ಕೊಯ್ದ ಅಂಚನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಸೊಲ್ಯೂಷನ್ (ಪಿವಿಸಿ ಅಂಟು) ಎರಡೂ ಮೈಗೆ ತೆಳ್ಳಗೆ ಹಚ್ಚಿ, ಒತ್ತುತ್ತಲೇ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡಿಯಬೇಕು. ಆಗ ಥ್ರೆಡ್ ಕ್ಯಾಪ್ ಹತ್ತಿರವೂ ಇರಬಾರದು. ಒಂದು ಹನಿ ಸೊಲ್ಯೂಷನ್ ಥ್ರೆಡ್ಡಿನ ಎಳೆಗೆ ತಾಗಿ ಕ್ಯಾಪ್ ಕೂತರೆ ಅದು ಶಾಶ್ವತ. ಇಡೀ ರಾತ್ರಿ ಬಾಯಿ ತೆರೆದಿಟ್ಟು ಒಣಗಿಸಿ.

ಕೂರಿಸುವ ಜಾಗ ಗಾಡಿಯ ಎಡಬದಿಯ ಸೀರೆ ಗಾರ್ಡ್. ಬಲಕ್ಕೆ ಸೈಲೆನ್ಸರ್ ಇದೆ. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗುವ ವಸ್ತು, ಆ ಕಡೆ ಯೋಚನೆಯೇ ಬೇಡ. ಮುಂದಿನ ಲೆಗ್ ಗಾರ್ಡಿಗೆ ಅಡ್ಡ ಕಟ್ಟಿದರೆ ಎಂಜಿನ್ನಿಗೆ ಬರುವ ಗಾಳಿಗೆ ತಡೆ. ಹಳೇ ಟ್ಯೂಬಿನ ಪಟ್ಟಿ ಸುತ್ತಿ ಎರಡು ಸ್ಟೀಲ್ ಹೋಸ್ ಕ್ಲಾಂಪ್ ಬಿಗಿಯಿರಿ. ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗುತ್ತದೆ. ಬಾಯಿ ಹಿಂದಕ್ಕಿರಲಿ. ಬಿಗಿಯುವ ಮುನ್ನ ಹಿಂದೆ ಇಬ್ಬರನ್ನು ಕೂರಿಸಿ ನೋಡಿ: ಶಾಕ್ ಅಬ್ಸಾರ್ಬರ್ ಕುಗ್ಗಿದಾಗಲೂ ಪೈಪಿಗೂ ಚೈನ್ ಕವರಿಗೂ ನಡುವೆ ಎರಡು ಬೆರಳು ಹೋಗಬೇಕು. ಮನೆಯ ಹೆಣ್ಣುಮಕ್ಕಳು ಅಡ್ಡ ಕೂರುವ ಗಾಡಿಯಾದರೆ ಪಾದ ಇಡುವ ಪಟ್ಟಿ ಬಿಟ್ಟು ಮೇಲಕ್ಕೆ, ಹಿಂದಕ್ಕೆ ಸರಿಸದೆ ಗತಿಯಿಲ್ಲ.

ಇನ್ನು ಆ ಮುಚ್ಚಳ. ಎರಿ (ಕಪ್ಪು) ಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು; ಎಳೆಗಳೊಳಗೆ ಸೇರಿ, ಮೊದಲ ಮಳೆಗೆ ಗಾರೆಯಂತಾಗಿ, ಒಣಗಿದಾಗ ಹಿಡಿದುಕೊಳ್ಳುತ್ತದೆ. ಎಲ್ಲರೂ ಹೇಳುವ ಉಪಾಯ ಗ್ರೀಸು. ಅದೇ ಕೆಟ್ಟ ಉಪಾಯ: ಧೂಳನ್ನು ಕರೆದು ಕೂರಿಸಿಕೊಂಡು ಕಪ್ಪು ಅಂಟಾಗುತ್ತದೆ. ಬಿಚ್ಚಿ, ಹಳೇ ಹಲ್ಲುಬ್ರಷ್ಷಿನಿಂದ ಎಳೆ ತಿಕ್ಕಿ, ಒಣ ಮೇಣದಬತ್ತಿ ಉಜ್ಜಿದರೆ ತಿಂಗಳುಗಟ್ಟಲೆ ಸಲೀಸು. ಕೈಯಿಂದ ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡಿ. ಹಾಗೆ ಬಿಟ್ಟರೆ ಗುಂಡಿ ರಸ್ತೆಯಲ್ಲಿ ತಾನೇ ಬಿಚ್ಚಿಕೊಳ್ಳುವುದಿಲ್ಲವೇ? ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಕಾರಿನ ಹಳೇ ಟ್ಯೂಬಿನಿಂದ ಎರಡು ಇಂಚು ಅಗಲದ ಉಂಗುರ ಕತ್ತರಿಸಿ ಕ್ಯಾಪು, ಪೈಪು ಎರಡರ ಮೇಲೂ ಕೂರುವಂತೆ ಎಳೆದು ಹಾಕಬೇಕು. ಧೂಳು ನಿಲ್ಲುತ್ತದೆ, ಮುಚ್ಚಳವೂ ನಿಲ್ಲುತ್ತದೆ. ಬಿಚ್ಚುವಾಗ ಉಂಗುರವನ್ನು ಪೂರ್ತಿ ಕ್ಯಾಪಿನ ಮೇಲೆ ಸರಿಸಿದರೆ ಬೆವರಿದ ಕೈಗೂ ಹಿಡಿತ ಸಿಗುತ್ತದೆ. ಒಂದೂ ಪೈಸೆ ಖರ್ಚಿಲ್ಲದ ಈ ರಬ್ಬರು ಬಂದ ಮೇಲೆಯೇ ಈ ಡಬ್ಬಿಯ ಮೇಲಿನ ಮುನಿಸು ಇಳಿದದ್ದು.

ಅದೇ ಮುಚ್ಚಳ ಒಂದು ಸುಖವನ್ನೂ ಕೊಡುತ್ತದೆ. ಅಂಗಾತ ಇಟ್ಟರೆ ಬಟ್ಟಲು. ಆಕ್ಸಲ್ ನಟ್ಟು, ವಾಷರು, ವಾಲ್ವ್ ಕ್ಯಾಪು ಬಿಚ್ಚಿದ ಕ್ರಮದಲ್ಲೇ ಅದರಲ್ಲಿ ಬೀಳುತ್ತವೆ. ಬೇಸಿಗೆಯ ಎರಿ ಹೊಲದ ಬಿರುಕಿಗೆ ಒಂದು ನಟ್ಟು ಜಾರಿದರೆ ಕೈಹಾಕಿ ತೆಗೆಯುವ ಮಾತಿಲ್ಲ, ಬಲ್ಲವರೇ ಬಲ್ಲರು.

ಸಾಮಾನು ಎರಡು ಕೆಜಿ ಮೀರದಿರಲಿ: 10-11, 12-13, 14-15ರ ಪಾನಾ, ಆಕ್ಸಲ್ ಪಾನಾ, ಪ್ಲಗ್ ಪಾನಾ, ಪಕ್ಕಡ್ (ಇಕ್ಕಳ), ಎರಡು ಲಿವರ್, ಪ್ಯಾಚು, ಪಂಪು. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲಿನಲ್ಲಿ ಸುರುಳಿ ಸುತ್ತಿದರೆ ಸದ್ದು ಸತ್ತಂತೆ. ಗೋಣಿ ಬೇಡ, ಪಸೆ ಹಿಡಿದು ಪಾನಾಕ್ಕೆ ತುಕ್ಕು ತರುತ್ತದೆ. ಒಳಗೆ ಬೆವರಿದ ನೀರು ಹೋಗಲು ಪೈಪಿನ ತೀರಾ ಕೆಳಗಿನ ಜಾಗದಲ್ಲಿ 3 ಎಂಎಂ ತೂತು ಕೊರೆಯಿರಿ. ಕೆಸರು ತುಂಬಿ ಮುಚ್ಚಿಹೋಗುವುದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ತಂತಿ ಹಾಕಿ ಬಿಡಿಸುತ್ತಿರಬೇಕು.